ಹತ್ತು ಗಜದ ಸರಪಳಿ

ಆ ಸೀಸನ್ನಿನಲ್ಲಿ ನಮ್ಮ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡದ ಪಂದ್ಯಗಳಿಗೆ ತಪ್ಪದೆ ಬರುತ್ತಿದ್ದ ಪ್ರೇಕ್ಷಕರು ಒಬ್ಬರೇ. ನನ್ನ ಜೊತೆ ಆಡುತ್ತಿದ್ದ ಹುಡುಗನ ಅಜ್ಜ. ಬೆಳಗಾವಿ ಕಡೆಯ ನಿವೃತ್ತ ಸರ್ವೆಯರ್, ಲಂಡನ್ನಿನ ಕೊಲಿಂಡೇಲ್‌ನಲ್ಲಿ ಮಗಳ ಮನೆಯಲ್ಲಿದ್ದರು.

ಈ ಆಟದಲ್ಲಿ ನಾಲ್ಕು ಯತ್ನದೊಳಗೆ ಚೆಂಡು ಹತ್ತು ಗಜ ಮುಂದೆ ಹೋಗಬೇಕು. ಅನುಮಾನ ಬಂದರೆ ಎರಡು ಕೋಲುಗಳ ನಡುವಿನ ಸರಪಳಿ ಎಳೆದು ನೋಡುತ್ತಾರೆ. ಒಂದು ದಿನ ಕೋಲು ಹಿಡಿಯಲು ಜನ ಸಾಲದೆ ಅಜ್ಜನೇ ಎದ್ದು ಬಂದರು. ಆಮೇಲೆ ಅದು ಅವರದೇ ಕೆಲಸವಾಯಿತು. ಮಂಕಿಕ್ಯಾಪ್ ಸರಿಪಡಿಸಿಕೊಂಡು, ಹಿಮ್ಮಡಿಯೂರಿ ಎಳೆಯುತ್ತಿದ್ದರು. "ಸರಪಳಿ ಸಡಿಲಾದ್ರ ಇಬ್ಬರ ಹೊಲಾನೂ ಕೆಡ್ತಾವ," ಎನ್ನುತ್ತಿದ್ದರು.

ನಾವು ಒಂದೂ ಪಂದ್ಯ ಗೆದ್ದಿರಲಿಲ್ಲ. ಒಮ್ಮೆ ಗೆಲುವು ಇನ್ನೇನು ಕೈಗೆ ಬಂತು ಎನ್ನುವಾಗ ರೆಫರಿ ಅಳತೆಗೆ ಕರೆದರು. ಸರಪಳಿ ಸ್ವಲ್ಪ ಸಡಿಲ ಬಿಟ್ಟರೆ ಅಳತೆ ಕುಗ್ಗಿ, ನಮ್ಮ ಚೆಂಡು ಹತ್ತು ಗಜ ಮುಟ್ಟಿದಂತೆ ಕಾಣುತ್ತಿತ್ತು. "ಅಜ್ಜಾ, ಜಸ್ಟ್ ಎ ಬಿಟ್ ಲೂಸ್, ಪ್ಲೀಸ್," ಎಂದು ಮೊಮ್ಮಗ ಪಿಸುಗುಟ್ಟಿದ. ಅಜ್ಜ ಬಿಗಿಯಾಗಿ ಎಳೆದರು. ನಾಲ್ಕು ಬೆರಳು ಕಡಿಮೆ ಬಿತ್ತು. ಚೆಂಡು ಎದುರಾಳಿಗಳ ಪಾಲಾಯಿತು. ಸೋತೆವು.

ವಾಪಸ್ ಬರುವ ಟ್ಯೂಬ್ ರೈಲಿನಲ್ಲಿ ಮೊಮ್ಮಗ ದೂರ ಹೋಗಿ ಕೂತ. ಅಜ್ಜ ಶೇಂಗಾ ಉಂಡಿಯ ಡಬ್ಬಿ ನನ್ನ ಕೈಗಿಟ್ಟು, "ಅವಗ ನೀನಽ ಕೊಡಪಾ," ಎಂದರು. ಅವನು ಮುಟ್ಟಲಿಲ್ಲ.

ಕಡೆಯ ಪಂದ್ಯ ಅದೇ ಎದುರಾಳಿಗಳ ಮೈದಾನದಲ್ಲಿತ್ತು. ಅಲ್ಲಿ ಕೋಲು ಹಿಡಿಯುವುದು ಅವರ ಕಡೆಯವರು. ಆದರೆ ಅವರ ಕೋಚ್ ನೇರವಾಗಿ ಮೊಮ್ಮಗನ ಬಳಿ ಬಂದು, ಇವತ್ತೂ ನಿಮ್ಮ ಅಜ್ಜನೇ ಹಿಡಿಯುತ್ತಾರಾ ಎಂದು ಕೇಳಿದ. ಮೊಮ್ಮಗ ಕೋಲು ಒಯ್ದು ಅಜ್ಜನ ಕೈಗೆ ಕೊಟ್ಟ.

ಆವತ್ತೂ ಸೋತೆವು. ವಾಪಸ್ ಬರುವಾಗ ಮೊಮ್ಮಗ ಅಜ್ಜನ ಪಕ್ಕದಲ್ಲೇ ಕೂತಿದ್ದ, ಉಂಡಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನಮಗೆ ಯಾರಿಗೂ ಕೊಡದೆ.