ಅರ್ಲೀನ್ ಆರಿಸಿದ ಬೆನ್ನುಚೀಲ

ಅರ್ಲೀನ್ ಹೌಗೆನ್ ಸಿಟ್ಟು ಬಂದಾಗ ದನಿ ಏರಿಸುವವಳಲ್ಲ, ನಗುವವಳು. ಆ ನಗು ಕಂಡವರು ಮೆಲ್ಲಗೆ ಜಾಗ ಖಾಲಿ ಮಾಡುವುದು ವಯೋಮಿಂಗಿನ ನಮ್ಮ ಕೌಂಟಿಯಲ್ಲಿ ವಾಡಿಕೆ. ಡೆಲ್ಬರ್ಟ್ ಕ್ರೂಸ್‌ಗೆ ಮಾತ್ರ ಆ ದಿನ ಅಂಥ ಉಪಾಯವಿರಲಿಲ್ಲ, ಏಕೆಂದರೆ ಅಂಗಡಿ ಅವನದೇ. ಬಂದೂಕು, ತೋಟಾ, ಬೇಟೆಯ ಸಾಮಾನು ಮಾರುವ ಆ ಅಂಗಡಿಯ ಗಲ್ಲಾದ ಹಿಂದೆ ನಿಂತು ಅವನು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದ್ದ.

“ಈ ಸಲ ಪಂದ್ಯಕ್ಕೆ ನಿನ್ನನ್ನ ಅತಿಥಿಗಳ ಜೊತೆ ಸೇರಿಸಿದೀನಿ, ಅರ್ಲೀನ್. ಎಲ್ಲರ ಹಾಗೇ ಗುಂಡು ಹೊಡಿ. ಚೀಲ ಮಾತ್ರ ಗಾಡೀಲಿ ಬರುತ್ತೆ. ಅಂಕ ಲೆಕ್ಕಕ್ಕಿಲ್ಲ, ಅಷ್ಟೇ.”

ಅರ್ಲೀನ್ ನಕ್ಕಳು. “ಜನೆಲ್ ಬಂದಿದ್ಲಾ ಇಲ್ಲಿಗೆ?”

ಡೆಲ್ಬರ್ಟ್ ಗಡ್ಡ ಕೆರೆದುಕೊಂಡ. “ನಿನ್ನ ಮಗಳು ಬರಬಾರದು ಅಂತೇನಾದ್ರೂ ಇದ್ಯಾ?”

ಅರ್ಲೀನ್‌ಗೆ ಅರವತ್ತಮೂರು. ಚಳಿಗಾಲದಲ್ಲಿ ಕೌಂಟಿಯ ಹಿಮ ಸರಿಸುವ ಲಾರಿ ಓಡಿಸುತ್ತಾಳೆ. ನಾವೆಲ್ಲ ಹೊದ್ದು ಮಲಗಿರುವಾಗ ಕಣಿವೆಯ ರಸ್ತೆ ತೆರೆದು, ಕಾಫಿ ಕುಡಿದು, ಎರಡನೆಯ ಸುತ್ತಿಗೆ ಹೊರಟಿರುತ್ತಾಳೆ. ಗಂಡ ಮಾರ್ವ್ ಇಲ್ಲಿಯ ಚಳಿ ಸಾಕೆಂದು ಎಷ್ಟೋ ವರ್ಷದ ಹಿಂದೆ ಅರಿಜೋನಾಕ್ಕೆ ಹೊರಟುಹೋದ. ಹೋಗುವಾಗ ಟಿವಿ ಹೊತ್ತುಕೊಂಡು ಹೋದ, ಒಳ್ಳೆಯ ರೈಫಲ್ ಬಿಟ್ಟುಹೋದ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಅನ್ನುವ ವಿವೇಕ ಆ ಮನುಷ್ಯನಿಗೆ ಮೊದಲಿಂದಲೂ ಇರಲಿಲ್ಲ. ಅರ್ಲೀನ್ ಮನೆಯಲ್ಲಿ ಕೂತು ಅಳುವುದನ್ನು ಬಿಟ್ಟು ಆ ರೈಫಲ್ ಎತ್ತಿಕೊಂಡು ಊರಾಚೆಯ ಗುರಿ ಮೈದಾನಕ್ಕೆ ಹೋದಳು. ಮೊದಲ ದಿನ ಒಂದೂ ತಾಗಲಿಲ್ಲ. ಮುಂದಿನ ವಾರ, ಅರ್ಧ ಮೈಲಿ ದೂರದ ಕಬ್ಬಿಣದ ಫಲಕ ಠಣ್ ಎಂದ ಸದ್ದು ಗಾಳಿಯಲ್ಲಿ ತೇಲಿ ಬಂದು ಕಿವಿಗೆ ಬಿದ್ದದ್ದೇ ತಡ, ಮಾರ್ವ್ ಅವಳ ಮನಸ್ಸಿನಿಂದ ಇಳಿದುಹೋದ.

ಅಂದಿನಿಂದ ಡೆಲ್ಬರ್ಟ್ ಪ್ರತಿ ಸೆಪ್ಟೆಂಬರಿನಲ್ಲಿ ನಡೆಸುವ ಗುಡ್ಡದ ಪಂದ್ಯವನ್ನು ಅವಳು ತಪ್ಪಿಸಿಕೊಂಡದ್ದಿಲ್ಲ. ಗೆದ್ದದ್ದೂ ಇಲ್ಲ. ಒಮ್ಮೆ ಆರನೆಯವಳಾಗಿ ಬಂದಿದ್ದನ್ನು ಆ ವರ್ಷವೆಲ್ಲ ಹೇಳಿಕೊಂಡು ತಿರುಗಿದಳು. ಮೈದಾನದ ಪಂದ್ಯಗಳಂತೆ ಕಾರಿನ ಪಕ್ಕದಲ್ಲೇ ಚಾಪೆ ಹಾಸಿ ಹೊಡೆಯುವ ಆಟ ಇದಲ್ಲ. ಗುಡ್ಡದ ಬೆನ್ನು ಹಿಡಿದು ನಡೆಯಬೇಕು, ಅಲ್ಲಲ್ಲಿ ನಿಲ್ಲಿಸಿದ ಕಡೆ ಹೊಡೆಯಬೇಕು. ದಾರಿಯಲ್ಲಿ ಯಾರ ಕೈಯಿಂದಲೂ ಏನನ್ನೂ ಪಡೆಯುವಂತಿಲ್ಲ. ಹೊಡೆಯಲು ಬಳಸಿದ ಪ್ರತಿಯೊಂದನ್ನೂ ಕೊನೆಯ ಗೆರೆಯವರೆಗೆ ತಾನೇ ಹೊತ್ತು ತರಬೇಕು. ತಪ್ಪಿದರೆ ಹೆಸರು ಹೋಯಿತು. ಸಂಜೆ ಬಹುಮಾನದ ಮೇಜಿನ ಮುಂದೆ ಮೊದಲಿನವರಿಂದ ಕೊನೆಯವರವರೆಗೆ ಹೆಸರು ಕರೆಯುವಾಗ ಆ ಹೆಸರು ಬರುವುದಿಲ್ಲ. ಅತಿಥಿಗಳದ್ದೂ ಬರುವುದಿಲ್ಲ.

ಕಳೆದ ಮಾರ್ಚಿನಲ್ಲಿ ಅರ್ಲೀನ್ ಲಾರಿಯಿಂದ ಇಳಿಯುವಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ಎಡ ಸೊಂಟದ ಕೀಲು ತೆಗೆದು ಹೊಸದು ಹಾಕಿದರು. ಬ್ಯಾಗಿನ ಭಾರ ಕೂರುವುದು ಸೊಂಟದ ಪಟ್ಟಿಯ ಮೇಲೆ. ಹಳೆಯ ಬ್ಯಾಗಿನ ಪಟ್ಟಿ ನೆಟ್ಟಗೆ ಹೊಲಿಗೆಯ ಗಾಯದ ಮೇಲೇ ಬಂದು ಒತ್ತುತ್ತಿತ್ತು. ಅದನ್ನು ಬೆನ್ನಿಗೇರಿಸಿ ಅಂಗಳ ದಾಟುವಷ್ಟರಲ್ಲಿ ಅವಳ ಮುಖ ಕಿವುಚಿಕೊಂಡಿದ್ದನ್ನು ಜನೆಲ್ ಕಿಟಕಿಯಿಂದ ನೋಡಿದ್ದಳು.

“ಆ ಅತಿಥಿ ಪಟ್ಟಿಯಿಂದ ನನ್ನ ಹೆಸರು ತೆಗಿ. ಬ್ಯಾಗ್ ತೋರ್ಸು,” ಅಂದಳು ಅರ್ಲೀನ್.

ಡೆಲ್ಬರ್ಟ್ ಒಂದು ನೇರಳೆ ಬಣ್ಣದ್ದನ್ನು ಇಳಿಸಿದ. “ಇದು ಹೆಂಗಸರಿಗೆ ಅಂತಾನೇ ಮಾಡಿರೋದು. ಹಗುರ.”

“ಲಿಪ್‌ಸ್ಟಿಕ್ ಇಡೋಕೆ ಜೇಬಿದ್ಯಾ?”

ಪಾಪ, ಡೆಲ್ಬರ್ಟ್ ಒಂದೊಂದೇ ಜಿಪ್ ಎಳೆದು ಹುಡುಕತೊಡಗಿದ. ಹುಡುಕಿ ಸಾಕಾಗಿ ತಲೆ ಎತ್ತಿದಾಗ ಅವಳು ಅಂಗಡಿಯಲ್ಲಿರಲಿಲ್ಲ, ತನ್ನ ಪಿಕಪ್ ಗಾಡಿಯಿಂದ ಸಾಮಾನು ಇಳಿಸುತ್ತಿದ್ದಳು. ಸುರಕ್ಷತೆಗೆಂದು ಬೋಲ್ಟ್ ಕಳಚಿದ ರೈಫಲ್, ದುರ್ಬೀನು, ತೋಟಾ ಡಬ್ಬಿ, ಬಂದೂಕಿನ ಹಿಂಬದಿಗೆ ಕೊಡುವ ಪುಟ್ಟ ಮರಳಿನ ಚೀಲ, ಮಳೆಕೋಟು, ನೀರು. ಎಲ್ಲವನ್ನೂ ತಂದು ನೆಲದ ಮೇಲೆ ಹರಡಿ, ಅಂಗಡಿಯ ಬ್ಯಾಗುಗಳನ್ನು ಒಂದೊಂದಾಗಿ ತುಂಬಿ ಬೆನ್ನಿಗೇರಿಸಿದಳು.

ಜನ ಖಾಲಿ ಬ್ಯಾಗನ್ನು ಹೆಗಲಿಗೆ ಹಾಕಿ ಕನ್ನಡಿ ನೋಡಿಕೊಂಡು ಕೊಂಡು ಹೋಗುತ್ತಾರೆ. ಖಾಲಿ ಬ್ಯಾಗು ಯಾರಿಗಾದರೂ ಚೆನ್ನಾಗಿಯೇ ಕಾಣುತ್ತದೆ. ಅರ್ಲೀನ್ ತುಂಬಿದ ಬ್ಯಾಗು ಹೊತ್ತು ಉಗ್ರಾಣದ ಮೆಟ್ಟಿಲು ಹತ್ತಿ ಇಳಿದಳು. ಒಂದರಲ್ಲಿ ರೈಫಲಿನ ನಳಿಗೆ ತಲೆಗಿಂತ ಮೇಲೆ ಚಾಚಿ ಬಾಗಿಲಿಗೆ ಬಡಿಯಿತು. ಇನ್ನೊಂದರಲ್ಲಿ ತಳದ ದುರ್ಬೀನು ಬೇಕಾದರೆ ಮೇಲಿನದನ್ನೆಲ್ಲ ಸುರಿಯಬೇಕು. ಮತ್ತೊಂದನ್ನು ನೆಲದ ಮೇಲೆ ನಿಲ್ಲಿಸಿ, ಹಿಂದೆ ಕೂತು, ಮೇಲೆ ರೈಫಲ್ ಇಟ್ಟಳು. ಅದು ಹುದುಗು ಬಂದ ಹಿಟ್ಟಿನಂತೆ ಕುಸಿಯಿತು. ಮೂರು ಕಾಲಿನ ಸ್ಟ್ಯಾಂಡನ್ನು ಈ ವರ್ಷ ಹೊರುವಂತಿರಲಿಲ್ಲ, ಅಷ್ಟು ಭಾರ ಜಾಸ್ತಿಯಾಗುತ್ತಿತ್ತು. ಹಾಗಾಗಿ ಬಂದೂಕಿಗೆ ಆಸರೆಯೂ ಬ್ಯಾಗೇ ಆಗಬೇಕಿತ್ತು.

ಕೊನೆಗೆ ಅವಳ ಕಣ್ಣು ಮೂಲೆಯಲ್ಲಿ ನೇತಾಡುತ್ತಿದ್ದ ಮಣ್ಣು ಬಣ್ಣದ ಚೌಕಟ್ಟಿನ ಬ್ಯಾಗಿನ ಮೇಲೆ ಬಿತ್ತು.

“ಅದು ಎಲ್ಕ್ ಜಿಂಕೆ ಹೊಡೆದೋರು ಮಾಂಸ ಹೊತ್ತು ತರೋದು,” ಅಂದ ಡೆಲ್ಬರ್ಟ್.

“ನಾನೂ ಮಾಂಸಾನೇ. ಇಳಿಸು.”

ಅದು ಪಕ್ಕದಿಂದ ಪೂರ್ತಿ ತೆರೆಯುತ್ತಿತ್ತು. ತುಂಬಿ ನಿಲ್ಲಿಸಿದರೆ ಗೋಡೆಯಂತೆ ನಿಂತಿತು. ಮೆಟ್ಟಿಲು ಹತ್ತಿದಾಗ ಮಾತ್ರ ಸೊಂಟದ ಎಡಪಟ್ಟಿ ಗಾಯಕ್ಕೆ ಒತ್ತಿ ಕಣ್ಣಲ್ಲಿ ನೀರು ಬಂತು. ಅರ್ಲೀನ್ ದುಡ್ಡು ಕೊಟ್ಟಳು. ಕೊಟ್ಟ ಮರುಕ್ಷಣ ಗಲ್ಲಾದ ಮೇಲಿದ್ದ ಕತ್ತರಿ ತೆಗೆದುಕೊಂಡು ಎಡಪಟ್ಟಿಯ ದಪ್ಪ ಮೆತ್ತೆಯನ್ನು ಬುಡದಿಂದ ಕತ್ತರಿಸಿ ಎಸೆದಳು, ಬರಿಯ ತೆಳು ಪಟ್ಟಿ ಉಳಿಯಿತು.

“ಅಯ್ಯೋ, ಗ್ಯಾರಂಟಿ ಹೋಯ್ತು ಕಣೇ ಅದರದ್ದು,” ಅಂದ ಡೆಲ್ಬರ್ಟ್.

“ಸೊಂಟಕ್ಕೆ ಡಾಕ್ಟರು ಗ್ಯಾರಂಟಿ ಕೊಟ್ಟಿದಾರೆ. ಒಂದಕ್ಕಿದ್ರೆ ಸಾಕು.”

ಆ ಬೇಸಿಗೆಯೆಲ್ಲ ಅವಳು ತುಂಬಿದ ಬ್ಯಾಗು ಹೊತ್ತು ಕಾಲುವೆಯ ಏರಿಯ ಮೇಲೆ ನಡೆದಳು. ಜನೆಲ್ ಮಾತು ಬಿಟ್ಟಳು, ಮತ್ತೆ ಮಾತಾಡಿದಳು, ಮತ್ತೆ ಬಿಟ್ಟಳು. “ನೀನು ಬಿದ್ದಿದ್ದಾಗ ಆ ಹಿಮದಲ್ಲಿ ನಿನ್ನನ್ನ ಕಂಡೋಳು ನಾನು, ಅಮ್ಮಾ. ನೀನಲ್ಲ,” ಅಂದಳು ಒಂದು ದಿನ. ಅರ್ಲೀನ್‌ಗೆ ಅದು ಚುಚ್ಚಿತು. ಮಗಳ ಭಯ ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಮರುದಿನ ಏರಿಯ ಮೇಲೆ ಇನ್ನಷ್ಟು ದೂರ ಹೋಗಿ ಬಂದಳು.

ಪಂದ್ಯದ ದಿನ ಬೆಳಿಗ್ಗೆಯೇ ಬಿಸಿಲು ಕಾದಿತ್ತು. ಸೆಪ್ಟೆಂಬರಿಗೆ ಇದು ಅನ್ಯಾಯ. ಹುಡುಗರು ದಾಪುಗಾಲು ಹಾಕಿ ಅವಳನ್ನು ದಾಟಿ ಹೋದರು. ಅವಳು ತನ್ನ ಪಾಡಿಗೆ ಹತ್ತಿದಳು. ಹಿಂದೆ ಸ್ವಲ್ಪ ದೂರದಲ್ಲಿ ನೀರಿನ ಗಾಡಿ ಬರುತ್ತಿತ್ತು. ಅದನ್ನು ಓಡಿಸಲು ತಾನಾಗಿ ಮುಂದೆ ಬಂದವಳು ಜನೆಲ್. ನೀರು ಅತಿಥಿಗಳಿಗೆ, ಕಣ್ಣು ಮಾತ್ರ ತಾಯಿಯ ಎಡಗಾಲಿನ ಮೇಲೆ.

ಮೊದಲ ಜಾಗಗಳಲ್ಲಿ ಅರ್ಲೀನ್ ಚೆನ್ನಾಗಿಯೇ ಹೊಡೆದಳು. ಹಿಮದ ಲಾರಿಯಲ್ಲಿ ಕೂತು ಗಾಳಿಯ ಮರ್ಜಿ ನೋಡುತ್ತ ಬದುಕಿದವಳಿಗೆ ಗಾಳಿ ಹೊಸದಲ್ಲ. ಫಲಕ ಠಣ್ ಎಂದಾಗಲೆಲ್ಲ ಗಾಡಿಯ ಕಡೆ ತಿರುಗಿ ನೋಡುತ್ತಿದ್ದಳು, ಬೇಕೆಂದೇ.

ಕೊನೆಯ ಜಾಗ ಗುಡ್ಡದ ನೆತ್ತಿಯ ಮೇಲೆ. ಮುಂದೆ ಸೇಜ್ ಪೊದೆ ಮೊಣಕಾಲೆತ್ತರ ಬೆಳೆದು, ಮಲಗಿದರೆ ಏನೂ ಕಾಣದು. ಕೂತೇ ಹೊಡೆಯಬೇಕು. ಅರ್ಲೀನ್ ಕುಂಟುತ್ತ ಬಂದು, ಬ್ಯಾಗು ಇಳಿಸಿ, ಕಷ್ಟಪಟ್ಟು ಕೂತು, ಅದನ್ನು ನಿಲ್ಲಿಸಿ ಮೇಲೆ ರೈಫಲ್ ಇಟ್ಟಳು. ಡೆಲ್ಬರ್ಟ್ ಗಡಿಯಾರ ಒತ್ತಿದ. ಬ್ಯಾಗು ಮುಂದಕ್ಕೆ ಮುಗ್ಗರಿಸಿತು.

ನೆಟ್ಟಗೆ ನಿಲ್ಲಿಸಿದಳು. ಮತ್ತೆ ಮುಗ್ಗರಿಸಿತು. ಆಗ ಅವಳಿಗೆ ಹೊಳೆಯಿತು. ಅಂಗಡಿಯಲ್ಲಾಗಲಿ, ಬೇಸಿಗೆಯ ಅಭ್ಯಾಸದಲ್ಲಾಗಲಿ ಬ್ಯಾಗನ್ನು ಗೋಡೆಯಂತೆ ನಿಲ್ಲಿಸುತ್ತಿದ್ದದ್ದು ತಳದಲ್ಲಿದ್ದ ನೀರು. ಇಂದಿನ ಬಿಸಿಲಿಗೆ ಆ ನೀರನ್ನೆಲ್ಲ ಅವಳು ಕುಡಿದು ಮುಗಿಸಿದ್ದಳು. ತುಂಬಿದ ಬ್ಯಾಗನ್ನೇ ಪರೀಕ್ಷೆ ಮಾಡಬೇಕೆಂದು ಊರಿಗೆಲ್ಲ ಬುದ್ಧಿ ಹೇಳಿದವಳು ಕುಡಿದ ಮೇಲಿನ ಬ್ಯಾಗನ್ನು ಪರೀಕ್ಷೆ ಮಾಡಿರಲಿಲ್ಲ.

“ಅಮ್ಮಾ, ಇಲ್ಲಿ ತುಂಬಿದ ಕ್ಯಾನಿದೆ,” ಅಂತ ಜನೆಲ್ ಗಾಡಿಯಿಂದ ಕೂಗಿದಳು. “ತಗೋ. ಸಾಕು ಇಷ್ಟಕ್ಕೆ.”

ಅರ್ಲೀನ್ ಆ ಕಡೆ ನೋಡಲಿಲ್ಲ. “ಡೆಲ್ಬರ್ಟ್, ಈ ಕಲ್ಲು ಯಾರದ್ದು?”

“ಯಾವ ಕಲ್ಲು?”

“ಇಲ್ಲಿ ಬಿದ್ದಿರೋದು.”

“ಯಾರದ್ದೂ ಅಲ್ಲ. ನೆಲದ್ದು.”

“ಹಾಗಾದ್ರೆ ಯಾರ ಕೈಯಿಂದ್ಲೂ ತಗೊಂಡ ಹಾಗಾಗಲ್ಲ.”

ಎರಡೂ ಕೈಯಿಂದ ಕಲ್ಲು ಬಾಚಿ ಬಾಚಿ ಬ್ಯಾಗಿನ ತಳಕ್ಕೆ ತುಂಬಿದಳು. ಉಗುರು ಕಿತ್ತು ರಕ್ತ ಬಂತು. ಬ್ಯಾಗು ನಿಂತಿತು, ಸಮಯ ಮಾತ್ರ ನಿಲ್ಲಲಿಲ್ಲ. ಉಳಿದ ಅವಧಿಯಲ್ಲಿ ನಾಲ್ಕು ಗುಂಡು ಹಾರಿಸಿದಳು. ಮೂರು ತಾಗಿದವು. ಹೊಡೆಯದೆ ಉಳಿದ ಗುಂಡುಗಳನ್ನು ಜೇಬಿಗೆ ಹಾಕಿಕೊಂಡು ಎದ್ದಳು.

ಡೆಲ್ಬರ್ಟ್ ಹತ್ತಿರ ಬಂದು ದನಿ ತಗ್ಗಿಸಿದ. “ಕಲ್ಲು ಸುರಿದುಬಿಡು. ಇಳಿಜಾರು ಕೆಟ್ಟದಾಗಿದೆ.”

“ನಿಯಮ ಏನು ಹೇಳುತ್ತೆ?”

“ಏ, ಕಲ್ಲಿಗೆಲ್ಲ ಯಾರು ನಿಯಮ ಮಾಡ್ತಾರೆ?”

“ಹೊಡೆಯೋಕೆ ಬಳಸಿದ್ದನ್ನೆಲ್ಲ ಗೆರೆವರೆಗೂ ಹೊರಬೇಕು. ಬರೆದೋನು ನೀನೇ. ಕಲ್ಲು ಬಳಸಿದ್ನೋ ಇಲ್ವೋ?”

ಡೆಲ್ಬರ್ಟ್ ಆಕಾಶ ನೋಡಿದ. “ಬಳಸಿದೆ.”

“ಹಾಗಾದ್ರೆ ದಾರಿ ಬಿಡು. ನಾಳೆ ಊರಲ್ಲಿ ಯಾವನಾದ್ರೂ, ಪಾಪ ಮುದುಕಿ ಅಂತ ಬಿಟ್ರು ಅಂದ್ರೆ, ನಾನು ಅವನ ಮನೆ ಮುಂದೆ ಹಿಮ ಸರಿಸಲ್ಲ.”

ಬ್ಯಾಗನ್ನು ಬಂಡೆಯ ಮೇಲೆ ಎಳೆದಿಟ್ಟು, ಅದಕ್ಕೆ ಬೆನ್ನು ಕೊಟ್ಟು, ಪಟ್ಟಿ ಬಿಗಿದು ಎದ್ದಳು. ಮೊದಲ ಹೆಜ್ಜೆಗೇ ಎಡಗಾಲು ನಡುಗಿತು. ಜನೆಲ್ ಗಾಡಿ ತಂದು ಪಕ್ಕದಲ್ಲೇ ನಿಧಾನವಾಗಿ ಓಡಿಸತೊಡಗಿದಳು. ಓಡಿಸುತ್ತಲೇ ಅಳುತ್ತಿದ್ದಳು. ಅರ್ಲೀನ್‌ಗೂ ನೋವು ತಡೆಯಲಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಊರುಗೋಲು ಹಿಡಿಸಿ ನಡೆಸಿದ ದಿನವೂ ಅವಳು ಇಷ್ಟು ಹೆದರಿರಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಉಸಿರೆಳೆದು, ಮಾರ್ವ್‌ನಿಂದ ಹಿಡಿದು ಡಾಕ್ಟರವರೆಗೆ ಎಲ್ಲರನ್ನೂ ಬೈದುಕೊಂಡು, ಮತ್ತೆ ಇಳಿದಳು. ಗಾಡಿಯ ಕಂಬಿ ಕೈಗೆಟುಕುವಷ್ಟು ಹತ್ತಿರವಿತ್ತು. ಮುಟ್ಟಲಿಲ್ಲ. ಎಲ್ಲರೂ ತಲುಪಿ ಎಷ್ಟೋ ಹೊತ್ತಾದ ಮೇಲೆ ಅವಳ ಬೂಟು ಸುಣ್ಣದ ಗೆರೆ ದಾಟಿತು.

ಸಂಜೆ ಕೊಟ್ಟಿಗೆಯಲ್ಲಿ ರಾಜ್ಮಾ ಕಾಳು, ಮಾಂಸ ಹಾಕಿದ ಖಾರದ ಸಾರು, ಜೊತೆಗೆ ದಾಲ್ಚಿನ್ನಿ ಹಾಕಿದ ಸಿಹಿ ಬನ್ನು. ಇಲ್ಲಿಯ ರೂಢಿಯಂತೆ ಎಲ್ಲರೂ ಬನ್ನನ್ನು ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದರು. ಡೆಲ್ಬರ್ಟ್ ಹೆಸರು ಕರೆಯುತ್ತ ಹೋದ. ಕರೆಸಿಕೊಂಡವರು ಮೇಜಿನ ಮುಂದೆ ಹೋಗಿ ಬೇಕಾದದ್ದನ್ನು ಎತ್ತಿಕೊಂಡರು. ದುರ್ಬೀನು ಹೋಯಿತು, ಜಾಕೆಟ್ಟು ಹೋಯಿತು, ಚಾಕು ಹೋಯಿತು. ಅರ್ಲೀನ್ ಚಮಚ ಕೆಳಗಿಟ್ಟು ಕಾದಳು. ಹೆಸರುಗಳು ಮುಗಿಯುತ್ತ ಬಂದಂತೆ ಅವಳು ಬೆಂಚಿನ ಅಂಚಿಗೆ ಸರಿದಳು.

“ಅರ್ಲೀನ್ ಹೌಗೆನ್.”

ಕೊನೆಯಿಂದ ಮೂರನೆಯವಳು. ಮೇಜಿನ ಮೇಲೆ ಉಳಿದದ್ದರಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ ಎತ್ತಿಕೊಂಡು, ರಾಣಿಯ ಗತ್ತಿನಲ್ಲಿ ಕುಂಟುತ್ತ ವಾಪಸು ಬಂದಳು.

ಜನೆಲ್ ಬ್ಯಾಗಿನ ಪಕ್ಕ ನಿಂತಿದ್ದಳು. “ಪಂದ್ಯ ಮುಗೀತಲ್ಲ. ಈಗಲಾದ್ರೂ ನಾನು ಎತ್ಕೊಳ್ಲಾ?”

“ಎತ್ಕೋ. ಈಗ ನಿಯಮ ಇಲ್ಲ.”

ಜನೆಲ್ ಒಂದು ಕೈಯಿಂದ ಎತ್ತಲು ಹೋದಳು. ಬ್ಯಾಗು ಅಲುಗಲಿಲ್ಲ. ಎರಡು ಕೈ ಹಾಕಿ, ಮಂಡಿ ಬಗ್ಗಿಸಿ ಎತ್ತಿದಾಗ ಒಳಗೆ ಕಲ್ಲು ಗಲಗಲ ಎಂದವು. ಅವಳು ತಾಯಿಯ ಕಡೆ ತಿರುಗಿದಳು.

“ಕೊನೆಯಿಂದ ಮೂರನೇದಕ್ಕೆ ಇಷ್ಟೆಲ್ಲ ಬೇಕಿತ್ತಾ, ಅಮ್ಮಾ?”

“ನನ್ನ ಹಿಂದೆ ಇನ್ನೂ ಇಬ್ರಿದಾರೆ,” ಅಂದಳು ಅರ್ಲೀನ್. “ಇಬ್ರಿಗೂ ಹುಟ್ಟಿನಿಂದ ಬಂದ ಸೊಂಟಾನೇ ಇದೆ.”