ಸರ್ಪ ಸಾಯದ ಪುಸ್ತಕ

"ಈ ಸರ್ಪವನ್ನು ನಾನು ಕೊಲ್ಲುವುದಿಲ್ಲ ಮಾಸ್ಟ್ರೇ," ಎಂದರು ಮೂಡುಬಿದಿರೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಜೈನರು.

ನಾನಾಗ ಶಾಲೆ ಮಾಸ್ತರಿಕೆಯ ನಡುವೆ ಹರೆಯದ ಮಕ್ಕಳಿಗೆಂದು ಮಾಯಾಲೋಕದ ಕಾದಂಬರಿ ಬರೆದಿದ್ದೆ. ಇಗರ್ಜಿಯ ಗಂಟೆ ಬಾರಿಸುವವನ ಮಗಳು ನೇತ್ರಾವತಿ ಹೊಳೆಯ ಏಳು ಹೆಡೆಯ ಸರ್ಪವನ್ನು ಕಡಿದು ಊರು ಉಳಿಸುವ ಕಥೆ. ಭಾನುವಾರ ನಮ್ಮ ಇಗರ್ಜಿಯ ಹಬ್ಬಕ್ಕೆ ಪುಸ್ತಕ ಬೇಕೇ ಬೇಕಿತ್ತು.

"ಕೊಲ್ಲುವುದು ಹುಡುಗಿ, ನೀವಲ್ಲವಲ್ಲ?" ಎಂದೆ.

"ಒಂದೊಂದೇ ಅಕ್ಷರ ಹೆಕ್ಕಿ ಕುತ್ತಿಗೆ ಕಡಿಯಬೇಕಾದದ್ದು ನನ್ನ ಕೈಯಲ್ಲವಾ ಮಾರಾಯ್ರೆ? ಅದೂ ಏಳು ಕುತ್ತಿಗೆ!"

ನಾನು ನಕ್ಕೆ. ಅವರು ನಗಲಿಲ್ಲ, ಕೈ ಕಟ್ಟಿ ಕೂತರು. ಸಿಟ್ಟು ಬಂತು, ಆದರೆ ಬೇರೆ ಪ್ರೆಸ್ಸು ಹುಡುಕಲು ಸಮಯವಿರಲಿಲ್ಲ. ಅಲ್ಲೇ ಬೆಂಚಿನಲ್ಲಿ ಕೂತು ಕೊನೆಯ ಅಧ್ಯಾಯ ತಿದ್ದಿದೆ. ಹುಡುಗಿ ಕತ್ತಿ ಇಳಿಸಿ ಪ್ರಾರ್ಥಿಸಿದಳು. ಸರ್ಪ ತಲೆತಗ್ಗಿಸಿ ಹೊಳೆಯ ಆಳಕ್ಕಿಳಿಯಿತು. ಜೈನರು ಕತ್ತಲಾದ ಮೇಲೆ ಊಟ ಮಾಡದವರು. ಅಷ್ಟರಲ್ಲಿ ಮನೆಗೆ ಹೋಗಿ ಉಂಡು ಬಂದಿದ್ದರು. ಓದಿ, "ಈಗ ಸರಿ ಉಂಟು," ಎಂದು ಮೊಳೆಗೆ ಕೈ ಹಾಕಿದರು.

ಹಬ್ಬದ ದಿನ ನಮ್ಮ ಪಾದ್ರಿಗಳು, "ಕ್ಷಮೆಯ ಪಾಠ ಎಷ್ಟು ಚೆನ್ನಾಗಿ ಬರೆದಿದ್ದೀರಿ!" ಎಂದು ಹೊಗಳಿದರು. ನಾನು ವಿನಯದಿಂದ ತಲೆಯಾಡಿಸಿದೆ. ಮಕ್ಕಳದ್ದು ಒಂದೇ ಪ್ರಶ್ನೆ: "ಸರ್, ಸರ್ಪ ಮತ್ತೆ ಯಾವಾಗ ಬರ್ತದೆ?"

ಹಾಗಾಗಿ ಎರಡನೇ ಭಾಗವನ್ನೂ ಬರೆದು ಪ್ರೆಸ್ಸಿನ ಜೈನರಿಗೇ ಕೊಟ್ಟೆ. "ನಡುರಾತ್ರಿ ಎದ್ದ ಸರ್ಪ ಎರಡು ಆಡು ನುಂಗಿತು" ಎಂದು ನಾನು ಬರೆದಿದ್ದೆ. ಅಚ್ಚಾಗಿ ಬಂದದ್ದು ಹೀಗೆ: "ಸೂರ್ಯ ಮುಳುಗುವ ಮೊದಲೇ ಸರ್ಪ ಎರಡು ಬಾಳೆಹಣ್ಣು ತಿಂದು ಮಲಗಿತು."