ಮೂವತ್ತೆಂಟು ಗಂಟೆ

ಪ್ರತಿ ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಶಾಲೆಯ ಬಸ್ಸು ವಡೋದರಾದ ಗೋರ್ವಾ ಬಡಾವಣೆಯ ಕಡೆಗೆ ಹೊರಡುತ್ತಿತ್ತು. ಹನ್ನೆರಡನೇ ತರಗತಿಯ ಹನ್ನೆರಡು ವಿದ್ಯಾರ್ಥಿಗಳು, ಜೊತೆಗೆ ನಾನು. ಕೊನೆಯ ಸೀಟಿನ ಮೇಲೆ ಚಾಪೆಯಂತೆ ಸುತ್ತಿಟ್ಟ ಹನ್ನೊಂದು ಫ್ಲೆಕ್ಸ್ ಬ್ಯಾನರುಗಳು. ಒಂದೊಂದು ಬ್ಯಾನರೂ ಒಂದೊಂದು ಸೇವಾ ಸಂಸ್ಥೆ. ಒಂದೊಂದು ಸಂಸ್ಥೆಗೂ ಹದಿನೇಳು ವರ್ಷದ ಒಬ್ಬ ಸಂಸ್ಥಾಪಕ.

ಹೆಂಡತಿಯ ಬ್ಯಾಂಕು ಅವಳನ್ನು ವಡೋದರಾಕ್ಕೆ ವರ್ಗ ಮಾಡಿದಾಗ ನಾನು ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುವ ಕೆಲಸ ಬಿಟ್ಟು ಜೊತೆಗೆ ಬಂದೆ. ಇಲ್ಲಿ ನನಗೆ ಸಿಕ್ಕಿದ್ದು ಹಳೆಯ ಬಂಗಲೆಯೊಂದರಲ್ಲಿ ನಡೆಯುತ್ತಿದ್ದ ಸಣ್ಣ ಖಾಸಗಿ ಶಾಲೆ. ಒಟ್ಟು ಅರವತ್ತು ಮಕ್ಕಳಿರಬಹುದು. ದೇಶವಿದೇಶದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಮಕ್ಕಳನ್ನು ತಯಾರು ಮಾಡುವುದೇ ಅದರ ಕೆಲಸ. ಗಣಿತ, ಅರ್ಥಶಾಸ್ತ್ರ ಚೆನ್ನಾಗಿ ಕಲಿಸುತ್ತಿದ್ದರು, ಅದನ್ನು ಹೇಳಲೇಬೇಕು. ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಪ್ರವೇಶಕ್ಕೆ ಮಕ್ಕಳು ಬರೆಯುವ ಪ್ರಬಂಧಗಳನ್ನು ತಿದ್ದುತ್ತಿದ್ದೆ. ಅರ್ಜಿಯ ಜೊತೆ ತೋರಿಸಬೇಕಾದ ಅವರ ಸಮಾಜಸೇವೆಯ ಗಂಟೆಗಳನ್ನು ಪರಿಶೀಲಿಸಿ ಸಹಿ ಹಾಕುವ ಜವಾಬ್ದಾರಿಯೂ ನನ್ನದೇ ಆಗಿತ್ತು. ಪತ್ರಿಕೆಯಲ್ಲಿದ್ದವರು, ಪರಿಶೀಲನೆ ನಿಮಗೆ ಗೊತ್ತಿರುವ ಕೆಲಸ ಎಂದು ಪ್ರಿನ್ಸಿಪಾಲರು ಮೊದಲ ದಿನವೇ ನಕ್ಕು ಹೇಳಿದ್ದರು.

ಗೋರ್ವಾದಲ್ಲಿ ನಾವು ಹೋಗುತ್ತಿದ್ದದ್ದು ಕಾರ್ಖಾನೆಗಳ ಸಾಲಿನ ಹಿಂದಿದ್ದ ಒಂದು ಗುಜರಾತಿ ಮಾಧ್ಯಮದ ಪ್ರಾಥಮಿಕ ಶಾಲೆಗೆ. ಎರಡನೇ ಕೋಣೆಯ ಮಕ್ಕಳನ್ನು ನಮಗಾಗಿ ಕೂರಿಸಿರುತ್ತಿದ್ದರು. ಮೊದಲ ಬ್ಯಾನರನ್ನು ಗೋಡೆಗೆ ಕಟ್ಟುತ್ತಿದ್ದರು. ಸಂಸ್ಥಾಪಕ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಲ್ಲುತ್ತಿದ್ದ. ಅಲ್ಲಿ ಜೂನ್‌ನಲ್ಲಿ ಯಾರೋ ಇಂಗ್ಲಿಷಿನಲ್ಲಿ ಭಾಗಗಳ ಹೆಸರು ಗುರುತಿಸಿ ಬರೆದ ಎಲೆಯ ಚಿತ್ರ ಡಿಸೆಂಬರಿನಲ್ಲೂ ಹಾಗೇ ಇತ್ತು. ಫೋಟೋ ತೆಗೆದಾದ ಮೇಲೆ ಬ್ಯಾನರ್ ಬಿಚ್ಚಿ ಮುಂದಿನದನ್ನು ಕಟ್ಟುತ್ತಿದ್ದರು. ತಲಾ ಐದು ನಿಮಿಷ.

"ಭಾಯ್, ನನ್ನ ಬಡತನ ಮುಗೀತು. ನಿನ್ನ ಪರಿಸರ ಬಿಚ್ಚು" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆರಂಭದಲ್ಲಿ ಫೋಟೋ ತೆಗೆಯುವವರು "ಹಾಥ್ ಊಂಚಾ ಕರೋ" ಎಂದು ಕೂಗಿ ಮಕ್ಕಳಿಂದ ಕೈ ಎತ್ತಿಸುತ್ತಿದ್ದರು. ಕೆಲವು ವಾರಗಳಾದ ಮೇಲೆ ಕೂಗುವ ಅಗತ್ಯ ಬೀಳಲಿಲ್ಲ. ಬ್ಯಾನರ್ ಬಿಚ್ಚಿಕೊಳ್ಳುವ ಸದ್ದಿಗೆ ಇಡೀ ಕೋಣೆ ಕೈ ಎತ್ತುತ್ತಿತ್ತು. ಯಾರೂ ಪ್ರಶ್ನೆ ಕೇಳಿರುತ್ತಿರಲಿಲ್ಲ. ಕೊನೆಯಲ್ಲಿ ಸಮೋಸಾ ಹಂಚಿ ಹನ್ನೆರಡಕ್ಕೆ ಬಸ್ಸು ಹತ್ತುತ್ತಿದ್ದೆವು. ಆ ಒಂದು ಗಂಟೆ ಶಾಲೆಯ ಹಾಳೆಯಲ್ಲಿ ಐದು ಗಂಟೆಯಾಗುತ್ತಿತ್ತು. ಸೋಮವಾರ ನನ್ನ ಮೇಜಿಗೆ ಪ್ರಬಂಧಗಳು ಬರುತ್ತಿದ್ದವು. ನಾನು ಆ ಮಕ್ಕಳಿಗೆ ಕಲಿಸಿದ್ದಕ್ಕಿಂತ ಅವರು ನನಗೆ ಕಲಿಸಿದ್ದೇ ಹೆಚ್ಚು ಎಂಬ ವಾಕ್ಯ ಎಲ್ಲದರಲ್ಲೂ ಇರುತ್ತಿತ್ತು. ಓದುವಾಗ ಬಾಯಲ್ಲಿ ಹಳಸಿದ ಎಣ್ಣೆಯ ರುಚಿ ಬರುತ್ತಿತ್ತು. ಅಲ್ಪವಿರಾಮ ಸರಿಮಾಡಿ ಹಿಂದಕ್ಕೆ ಕೊಡುತ್ತಿದ್ದೆ.

ಬ್ಯಾನರ್ ಇಲ್ಲದ ಹನ್ನೆರಡನೆಯವಳು ಹುಬ್ಬಳ್ಳಿ ಕಡೆಯ ರೈಲ್ವೆ ನೌಕರರೊಬ್ಬರ ಮಗಳು. ಪರೀಕ್ಷೆ ಬರೆದು ಉಚಿತ ಸೀಟು ಪಡೆದು ನಮ್ಮಲ್ಲಿ ಓದುತ್ತಿದ್ದಳು. ಉಳಿದವರ ಕಣ್ಣು ಹೊರದೇಶದ ಮೇಲಿತ್ತು. ಇವಳಿಗೆ ಅಹಮದಾಬಾದಿನ ಒಂದು ಖಾಸಗಿ ವಿಶ್ವವಿದ್ಯಾಲಯ ಬೇಕಿತ್ತು. ಪೂರ್ತಿ ಶುಲ್ಕ ಮನ್ನಾ ಆದರೆ ಮಾತ್ರ ಅಲ್ಲಿ ಓದಲು ಸಾಧ್ಯವಿತ್ತು.

ಕೋಣೆಯೊಳಗೆ ಫೋಟೋ ನಡೆಯುವಾಗ ಅವಳು ಜಗಲಿಯಲ್ಲಿ ಆ ಶಾಲೆಯ ಒಬ್ಬ ಹುಡುಗಿಯ ಪಕ್ಕ ಕೂತಿರುತ್ತಿದ್ದಳು. ಐದನೇ ತರಗತಿಗೆ ಬಂದರೂ ಓದಲು ಬಾರದ ಹುಡುಗಿ. ಇಬ್ಬರ ಮುಂದೆ ಎರಡನೇ ತರಗತಿಯ ಗುಜರಾತಿ ಪಠ್ಯ. ಬುಧವಾರ ಸಂಜೆಯೂ ಸೈಕಲ್ಲಿನಲ್ಲಿ ಹೋಗಿ ಬರುತ್ತಾಳೆಂದು ನನಗೆ ಆಮೇಲೆ ತಿಳಿಯಿತು. ಒಳಗೆ ಬ್ಯಾನರಿನ ಸದ್ದಾದರೂ ಆ ಚಿಕ್ಕ ಹುಡುಗಿ ತಲೆ ಎತ್ತುತ್ತಿರಲಿಲ್ಲ. ಬೆರಳು ಸಾಲಿನ ಮೇಲೇ ಇರುತ್ತಿತ್ತು.

ನಮ್ಮ ವಿದ್ಯಾರ್ಥಿನಿ ಒಂದು ನೋಟ್‌ಬುಕ್ ಇಟ್ಟಿದ್ದಳು. ತಾರೀಖು, ಕೂತ ಹೊತ್ತು, ಎದ್ದ ಹೊತ್ತು, ಯಾವ ಪುಟ, ಯಾವ ಪದಕ್ಕೆ ಹುಡುಗಿ ತಡವರಿಸಿದಳು. ನಿಮಿಷ ಬರೆಯುತ್ತಾಳೆಂದು ಬಸ್ಸಿನಲ್ಲಿ ಅವಳಿಗೆ 'ಮೀಟರ್ ಬೆನ್', ಅಂದರೆ ಮೀಟರ್ ಅಕ್ಕ, ಎಂದು ಹೆಸರಿಟ್ಟಿದ್ದರು. "ಮೀಟರ್ ಬೆನ್, ಇವತ್ತು ಎಷ್ಟಾಯ್ತು? ಆಟೋ ಬಿಡ್ತೀರಾ?" ಅವಳು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಡೆಸ್ಕಿನಲ್ಲಿ ಅಷ್ಟು ಶುದ್ಧವಾದ ಟಿಪ್ಪಣಿ ಕೊಡುವ ವರದಿಗಾರರನ್ನು ನಾನು ಹೆಚ್ಚು ಕಂಡಿರಲಿಲ್ಲ.

ಡಿಸೆಂಬರಿನಲ್ಲಿ ಸೇವಾ ಹಾಳೆಗಳು ನನ್ನ ಮೇಜಿಗೆ ಬಂದವು. ಹನ್ನೊಂದರಲ್ಲಿ ಇನ್ನೂರು ಗಂಟೆ, ಇನ್ನೂರ ಹತ್ತು ಗಂಟೆ. ಅವಳದರಲ್ಲಿ ಮೂವತ್ತೆಂಟು.

ಪ್ರತಿ ಗುರುವಾರ ಅಹಮದಾಬಾದಿನ ನವರಂಗಪುರದಿಂದ ನಮ್ಮ ಶಾಲೆಗೆ ಒಬ್ಬ ಪ್ರವೇಶ ಸಲಹೆಗಾರ್ತಿ ಬರುತ್ತಿದ್ದರು. ಅವರು ಹಾಳೆ ನೋಡಿ ಪ್ರಿನ್ಸಿಪಾಲರ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ನನಗೆ ಕರೆ ಬಂತು. ನಮ್ಮ ಪ್ರತಿ ವಿದ್ಯಾರ್ಥಿಯೂ ಕನಿಷ್ಠ ಇನ್ನೂರು ಗಂಟೆ ಸೇವೆ ಮಾಡುತ್ತಾನೆಂದು ಶಾಲೆಯ ಪರಿಚಯ ಪತ್ರದಲ್ಲಿ ಅಚ್ಚಾಗಿತ್ತು. ಆ ಪತ್ರ ಎಲ್ಲ ವಿಶ್ವವಿದ್ಯಾಲಯಗಳಿಗೂ ಹೋಗುತ್ತಿತ್ತು. ಮೂವತ್ತೆಂಟಕ್ಕೆ ತಾವು ಮೊಹರು ಒತ್ತುವುದಿಲ್ಲವೆಂದು ಪ್ರಿನ್ಸಿಪಾಲರು ಹೇಳಿದರು. ಮೊಹರಿಲ್ಲದ ಅರ್ಜಿಯನ್ನು ಶುಲ್ಕ ಮನ್ನಾಕ್ಕೆ ಪರಿಗಣಿಸುತ್ತಿರಲಿಲ್ಲ. ಅವಳೂ ಇನ್ನೂರು ಬರೆಯಲಿ, ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರು. ಅವಳು ಒಬ್ಬಳೇ ನಿಜವಾಗಿ ಹೋದವಳು ಎಂದು ನಾನು ಹೇಳಿದೆ.

"ಅದೇ ತೊಂದರೆ ಸರ್‌ಜಿ" ಎಂದರು ಪ್ರಿನ್ಸಿಪಾಲರು, ಚಹಾದ ಲೋಟ ನನ್ನ ಕಡೆ ಸರಿಸುತ್ತ. "ಈ ಒಂದು ಹಾಳೆ ಹೊರಗೆ ಹೋದರೆ ಉಳಿದ ಹನ್ನೊಂದನ್ನು ಯಾರು ನಂಬುತ್ತಾರೆ?"

ಆಮೇಲೆ ಪ್ರಿನ್ಸಿಪಾಲರೇ ಅವಳಿಗೆ ಎರಡು ಸಲ ಹೇಳಿ ನೋಡಿದರು. ಅವಳು ತಿದ್ದಲಿಲ್ಲ. ಅರ್ಜಿಯ ಗಡುವಿಗೆ ಕೆಲವೇ ದಿನ ಉಳಿದಿತ್ತು. ಭಾನುವಾರ ಅವಳ ತಾಯಿ ಫೋನು ಮಾಡಿ ರೈಲ್ವೆ ಕ್ವಾರ್ಟರ್ಸಿಗೆ ಕರೆದರು. ಹೋದೆ. ಒಗ್ಗರಣೆ ಹಾಕಿದ ಚುರುಮುರಿ, ಚಹಾ. ಮಗಳು ಗೋಡೆಗೆ ಒರಗಿ ಕೂತಿದ್ದಳು.

"ನೀವು ಪೇಪರ್‍ನ್ಯಾಗ ಇದ್ದವ್ರು ಸರ" ಎಂದರು ತಾಯಿ. "ಖರೆ ಯಾವುದು ಸುಳ್ಳು ಯಾವುದು ನಿಮಗ ಗೊತ್ತಿರ್ತದ. ನೀವು ಹೇಳಿದ್ರ ಕೇಳ್ತಾಳ."

ಖಚಿತವಾಗದ ಅಂಕಿಯನ್ನು ಹೊಡೆದು ಹಾಕುವುದೇ ಹಲವು ವರ್ಷ ನನ್ನ ಸಂಬಳದ ಕೆಲಸವಾಗಿತ್ತು. ಸಾವಿನ ಸಂಖ್ಯೆಯಲ್ಲಿ ಒಂದು ಹೆಚ್ಚಿದ್ದರೂ ಪುಟ ತಡೆದು ನಿಲ್ಲಿಸಿದವನು ನಾನು. ಚುರುಮುರಿಯ ತಟ್ಟೆ ಕೆಳಗಿಟ್ಟು ನಾನು ಹೇಳಿದ್ದು ಹೀಗೆ:

"ಇನ್ನೂರು ಅಂತ ಬರಿ. ಅದನ್ನ ಯಾರೂ ಎಣಿಸಲ್ಲ. ಸೀಟು ಮುಖ್ಯ."

ಗುಜರಾತಿನಲ್ಲೇ ಬೆಳೆದ ಅವಳಿಗೆ ಕನ್ನಡ ಹುಡುಕಿ ಹುಡುಕಿ ಬರುತ್ತಿತ್ತು. "ನಿಮ್ಮ ಪೇಪರ್‌ಮೇ ಭೀ ಹೀಗೇ ಮಾಡ್ತಿದ್ರಾ, ಅಂಕಲ್?" ಎಂದು ಕೇಳಿದಳು.

ಚಹಾ ಆರುತ್ತಿದೆ ಎಂದು ನಾನು ಲೋಟ ಎತ್ತಿಕೊಂಡೆ.

ಸೋಮವಾರ ಅವಳ ಹಾಳೆಯಲ್ಲಿ ಇನ್ನೂರು ಇತ್ತು. ಪರಿಶೀಲಿಸಲಾಗಿದೆ ಎಂಬ ಪದದ ಕೆಳಗೆ ಹನ್ನೆರಡು ಸಲ ಸಹಿ ಹಾಕಿದೆ. ಎಲ್ಲ ಹನ್ನೆರಡೂ ಒಂದೇ ಥರ ಕಾಣುತ್ತಿದ್ದವು. ಅದುವರೆಗೆ ನನಗೆ ಅಸಹ್ಯವಿದ್ದದ್ದು ಬ್ಯಾನರುಗಳ ಬಗ್ಗೆ, ಪ್ರಿನ್ಸಿಪಾಲರ ನಗುವಿನ ಬಗ್ಗೆ. ಆ ದಿನ ಪೆನ್ನಿನ ಮುಚ್ಚಳ ಹಾಕುವಾಗ ನನ್ನ ಕೈಯನ್ನೇ ನೋಡಬೇಕೆನಿಸಲಿಲ್ಲ.

ಫೆಬ್ರವರಿಯ ಮೊದಲ ವಾರ ಅಹಮದಾಬಾದಿನಿಂದ ಪತ್ರ ಬಂತು. ಪೂರ್ತಿ ಶುಲ್ಕ ಮನ್ನಾ. ಅವಳ ತಾಯಿ ಶಾಲೆಗೆ ಪೇಡೆ ತಂದು, ನಿಮ್ಮಿಂದಲೇ ಆಯಿತು ಎಂದು ನನಗೆ ಎರಡೆರಡು ಕೊಟ್ಟರು. ತಿಂದೆ. ಶಾಲೆಯ ಗೇಟಿನ ಮೇಲೆ ಅವಳ ಫೋಟೋ ಇರುವ ಫ್ಲೆಕ್ಸ್ ಏರಿತು. ಇನ್ನೂರು ಗಂಟೆ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು.

ಆ ಶನಿವಾರ ಅವಳು ಬಸ್ಸಿಗೆ ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಕಾರಿಡಾರಿನಲ್ಲಿ ಸಿಕ್ಕಾಗ ವಿಚಾರಿಸಿದೆ. ಬುಧವಾರವೂ ಹೋಗುತ್ತಿಲ್ಲ ಎಂದಳು. ಯಾಕೆಂದು ಕೇಳಿದೆ.

"ಗಂಟೆ ಆಯ್ತಲ್ಲ ಸರ್" ಎಂದಳು. ಕೊಂಕು ಇತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಮುಖ ಸಹಜವಾಗಿತ್ತು.

ಆ ಹೊತ್ತಿಗೆ ಹನ್ನೊಂದನೇ ತರಗತಿಯವರ ಸರದಿ ಶುರುವಾಗಿತ್ತು. ಹೊಸ ಸಂಸ್ಥಾಪಕರು, ಹೊಸ ಬ್ಯಾನರುಗಳು. ಗೋರ್ವಾದಲ್ಲಿ ಇಳಿದಾಗ ಜಗಲಿ ಖಾಲಿ ಇತ್ತು. ನಾನು ಕೋಣೆಯ ಬಾಗಿಲಲ್ಲಿ ನಿಂತೆ. ಮೊದಲ ಬ್ಯಾನರ್ ಬಿಚ್ಚಿಕೊಂಡಿತು, ಕೈಗಳು ಮೇಲೆದ್ದವು. ಮೂರನೇ ಸಾಲಿನಲ್ಲಿ, ಪಠ್ಯಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಜಗಲಿಯ ಆ ಹುಡುಗಿ ಕೂತಿದ್ದಳು. ಪಕ್ಕದವಳನ್ನು ಒಮ್ಮೆ ನೋಡಿ ಅವಳೂ ಕೈ ಎತ್ತಿದಳು.